ಹಳೇ ಗಾಡಿ ಡೈರಿ – ಭಾಗ 7: ಕಾಲು ತೆಗೆದ್ರೂ ಬಿಡದ ಬ್ರೇಕ್

ಬ್ರೇಕ್ ಹಿಡೀಲಿಲ್ಲ ಅಂದ್ರೆ ಎಲ್ಲರಿಗೂ ಭಯ. ಹಿಡಿದ ಬ್ರೇಕ್ ಬಿಡಲೇ ಇಲ್ಲ ಅಂದ್ರೆ? ಅದೂ ಅಷ್ಟೇ ಡೇಂಜರ್ ಕಣ್ರೋ.

ನಮ್ಮನೆ 2003ರ ಮಾರುತಿ 800 ನಿಮಗೆಲ್ಲ ಗೊತ್ತು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಬೆಳಿಗ್ಗೆ ಹೊರಟಾಗ ಸರಿಯಾಗೇ ಇರೋದು. ನಾಲ್ಕೈದು ಸಲ ಬ್ರೇಕ್ ಒತ್ತಿದ ಮೇಲೆ ಎಡಕ್ಕೆ ಎಳೆಯೋದು, ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಅರ್ಧ ಗಂಟೆ ನಿಲ್ಲಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸರಿ!

ಒಂದು ಗ್ಯಾರೇಜ್‌ನಲ್ಲಿ ಕ್ಯಾಲಿಪರ್ ಜಾಮ್ ಅಂತ ಹೊಸದು ಹಾಕಿದ್ರು. ಮಾರನೇ ದಿನ ಮತ್ತೆ ಅದೇ. ಇನ್ನೊಂದು ಕಡೆ ಮಾಸ್ಟರ್ ಸಿಲಿಂಡರ್ ಬದಲಾಯಿಸಿ ಅಂದ್ರು. "ಗುಜರಿಗೆ ಕೊಟ್ಬಿಡೋಣ ಮಗಾ" ಅಂತ ಅಪ್ಪ. ಅದೇ ವಾರ ಅಜ್ಜೀನ ಕೂರಿಸ್ಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗೋದಿತ್ತು.

ಘಾಟಿ ಯಾಕೆ ಮುಖ್ಯ ಅಂದ್ರೆ, ಉಜ್ಜುತ್ತಾ ಇರೋ ಬ್ರೇಕ್ ವಿಪರೀತ ಕಾಯುತ್ತೆ. ಡಾಟ್ 3 ಬ್ರೇಕ್ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಕುದ್ದರೆ ಒಳಗೆ ಗುಳ್ಳೆ. ಗುಳ್ಳೆ ಇದ್ರೆ ಪೆಡಲ್ ಸೀದಾ ತಳಕ್ಕೆ.

ನಮ್ಮ ಬೀದಿಯ ಹಳೇ ಮೇಸ್ತ್ರಿ ಹೇಳಿದ್ದು ಇಷ್ಟೇ: "ಪಾರ್ಟ್ಸ್ ಆಮೇಲೆ. ಪ್ರೆಷರ್ ಎಲ್ಲಿ ಸಿಕ್ಕಾಕೊಂಡಿದೆ, ಮೊದ್ಲು ಅದನ್ನ ಹುಡುಕೋಣ."

🔧 ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಸ್ಟ್ಯಾಂಡ್ ಮೇಲೆ ಕೂರಿಸಿದ್ವಿ. ನಾನು ಬ್ರೇಕ್ ಒತ್ತಿ ಬಿಟ್ಟೆ. ಬಲಗಡೆ ಚಕ್ರ ಸಲೀಸಾಗಿ ತಿರುಗ್ತು. ಎಡಗಡೇದು ಅಲ್ಲಾಡಲಿಲ್ಲ.

🔧 ಕಬ್ಬಿಣದ ಪೈಪು ರಬ್ಬರ್ ಹೋಸ್‌ಗೆ ಸೇರೋ ಜಾಗದಲ್ಲಿ ನಟ್ ಸಡಿಲ ಮಾಡಿದ್ರು. ಚಕ್ರ ಇನ್ನೂ ಬಿಗಿ. ಅಂದ್ರೆ ಪ್ರೆಷರ್ ಮೇಲಿಂದ ಬರ್ತಿಲ್ಲ, ಮಾಸ್ಟರ್ ಸಿಲಿಂಡರ್ ತಪ್ಪಲ್ಲ.

🔧 ಆ ನಟ್ ಬಿಗಿ ಮಾಡಿ, ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ ತೆಗೆದ್ರು. ಚುರ್ ಅಂತ ಆಯಿಲ್ ಚಿಮ್ಮಿ ಚಕ್ರ ತಿರುಗೇ ಬಿಡ್ತು! ಕ್ಯಾಲಿಪರ್ ಜಾಮ್ ಆಗಿದ್ರೆ ಹೀಗೆ ಬಿಡ್ತಿರಲಿಲ್ಲ.

ಉಳಿದಿದ್ದು ಮಧ್ಯದ ರಬ್ಬರ್ ಹೋಸ್ ಒಂದೇ. ಹೊರಗೆ ಒಂದು ಬಿರುಕೂ ಇಲ್ಲ. ಕತ್ತರಿಸಿ ನೋಡಿದ್ರೆ ಒಳಗಿನ ರಬ್ಬರ್ ಊದ್ಕೊಂಡು ದಾರಿ ಮುಚ್ಚಿತ್ತು (ಕೊನೇ ಫೋಟೋ ನೋಡಿ). ಕಾಲಿನ ಒತ್ತಡಕ್ಕೆ ಆಯಿಲ್ ನುಗ್ಗಿ ಒಳಗೆ ಹೋಗುತ್ತೆ. ವಾಪಸ್ ಬರೋಕೆ ಅಷ್ಟು ಜೋರು ಇರಲ್ಲ. ನಿಧಾನಕ್ಕೆ ಜಿನುಗಿ ಬರೋಕೇ ಆ ಅರ್ಧ ಗಂಟೆ.

ಎರಡೂ ಕಡೆ ಹೊಸ ಹೋಸ್, ಹೊಸ ಆಯಿಲ್, ಗಾಳಿ ತೆಗೆದು ಟೆಸ್ಟ್. ಕ್ಯಾಲಿಪರ್‌ಗೆ ಸುರಿದ ದುಡ್ಡಿನ ಮುಂದೆ ಇದು ಏನೇನೂ ಅಲ್ಲ. ಅಜ್ಜಿಗೆ ದರ್ಶನವೂ ಆಯ್ತು.

ಇದನ್ನ ಒಬ್ಬರೇ ಮಾಡೋಕೆ ಹೋಗ್ಬೇಡಿ, ಬ್ರೇಕ್ ವಿಷಯ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ, ಬಿದ್ರೆ ತಕ್ಷಣ ನೀರು ಹಾಕಿ. ಆದ್ರೆ ನಿಮ್ಮ ಗಾಡಿ ಒಂದು ಕಡೆ ಎಳೆದು, ವಾಸನೆ ಬಂದು, ನಿಲ್ಲಿಸಿದ ಮೇಲೆ ಸರಿ ಹೋಗ್ತಿದ್ರೆ ದುಡ್ಡು ಕೊಡೋ ಮುಂಚೆ ಕೇಳಿ: "ಅಣ್ಣಾ, ಹೋಸ್ ನೋಡಿದ್ರಾ?"

ನಿಮ್ಮನೆ ಹಳೇ ಗಾಡಿಯ ವಿಚಿತ್ರ ಕಾಯಿಲೆ ಏನು? ಕೆಳಗೆ ಬರೀರಿ 👇

#ಹಳೇಗಾಡಿಡೈರಿ #ಮಾರುತಿ800