ಎರಡನೆಯ ಗೆಲುವು

ಆಟಪಾಟಗಳನ್ನು ಕುರಿತು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಬರೆಯುವವರಿಗೆ ಬರವೇನೂ ಇಲ್ಲ. ಯಾರು ಎಷ್ಟು ವೇಗವಾಗಿ ಓಡಿದರು, ಯಾರು ಎಷ್ಟೆತ್ತರ ಜಿಗಿದರು ಎಂಬುದೆಲ್ಲ ಕ್ರೀಡಾವರದಿಯಲ್ಲಿ ಪ್ರತಿವರ್ಷವೂ ತಪ್ಪದೆ ಅಚ್ಚಾಗುತ್ತದೆ. ಸೋತವರ ಹೆಸರಿಗೆ ಮಾತ್ರ ಅಲ್ಲಿ ಜಾಗವಿಲ್ಲ. ನಾನು ಈಗ ಹೇಳಹೊರಟಿರುವುದು ಗೆದ್ದವರ ಕಥೆಯೇ ಹೌದು. ಆದರೆ ಗೆಲ್ಲುವುದಕ್ಕೆ ಮೊದಲು ಅವರು ಎಷ್ಟು ಸಲ ಸೋತರೆಂಬುದೇ ಅದರ ಮುಕ್ಕಾಲು ಪಾಲು. ಕಥೆ ನಡೆದದ್ದು ಐರ್ಲೆಂಡಿನಲ್ಲಿ. ಆಟ, ನಾವೆಲ್ಲ ಬಲ್ಲ ಫುಟ್‌ಬಾಲ್ ಅಲ್ಲ, ಗೇಲಿಕ್ ಫುಟ್‌ಬಾಲ್. ಎಲ್ಲಿಯ ಐರ್ಲೆಂಡ್, ಎಲ್ಲಿಯ ನಮ್ಮ ಕಾಲೇಜು ಎಂದು ವಾಚಕರು ಹುಬ್ಬೇರಿಸುವ ಮೊದಲೇ ನನಗೆ ಈ ಹುಚ್ಚು ಹಿಡಿದ ಬಗೆಯನ್ನು ಹೇಳಿಬಿಡುತ್ತೇನೆ.

ಎರಡನೆಯ ವರ್ಷದ ತರಗತಿಯಲ್ಲಿ ನಮ್ಮ ಇತಿಹಾಸದ ಅಧ್ಯಾಪಕರು 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಪಾಠ ಮಾಡುತ್ತಿದ್ದರು. ಆಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರನಾಗಿದ್ದ ಮೈಕೇಲ್ ಓಡ್ವಯರ್ ಹುಟ್ಟಿದ್ದು ಐರ್ಲೆಂಡಿನ ಟಿಪ್ಪರೆರಿ ಕೌಂಟಿಯಲ್ಲಿ ಎಂದರು. ಮರುವರ್ಷ, 1920ರ ನವೆಂಬರ್ 21ರಂದು, ಅದೇ ಟಿಪ್ಪರೆರಿಯ ತಂಡ ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನದಲ್ಲಿ ಆಡುತ್ತಿದ್ದಾಗ ಬ್ರಿಟಿಷ್ ಸರಕಾರದ ಪಡೆಗಳು ನುಗ್ಗಿ ಗುಂಡು ಹಾರಿಸಿದುವು. ಹದಿನಾಲ್ಕು ಜನ ಸತ್ತರು. ಅವರಲ್ಲಿ ಮೈಕೇಲ್ ಹೋಗನ್ ಎಂಬ ಟಿಪ್ಪರೆರಿಯ ಆಟಗಾರನೂ ಒಬ್ಬ. ಇಷ್ಟು ಹೇಳಿ, “ಇದು ಪರೀಕ್ಷೆಗೆ ಬರುವುದಿಲ್ಲ, ಬರೆದುಕೊಳ್ಳಬೇಡಿ” ಎಂದರು. ಪರೀಕ್ಷೆಗೆ ಬಾರದ ವಿಷಯ ತಲೆಯಲ್ಲಿ ನಿಲ್ಲುವಷ್ಟು ಗಟ್ಟಿಯಾಗಿ ಬರುವ ವಿಷಯ ನಿಲ್ಲುವುದಿಲ್ಲವೆಂಬುದು ನನ್ನ ಸಹಪಾಠಿಗಳ ಅನುಭವವೂ ಆಗಿರಬೇಕು. ಗುಂಡಿಗೆ ಸಿಕ್ಕ ಆ ಆಟ ಯಾವುದು ಎಂದು ನಾನು ಹುಡುಕತೊಡಗಿದೆ. ಹಾಸ್ಟೆಲಿನ ಗೆಳೆಯನ ಮೊಬೈಲಿನಲ್ಲಿ ಹಳೆಯ ಪಂದ್ಯಗಳು ಸಿಕ್ಕಿದುವು. ಊಟದ ಗಂಟೆ ಬಾರಿಸಿದರೂ ಏಳದೆ ನೋಡಿದ ದಿನಗಳೂ ಉಂಟು.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂದೊಂದು ಕಡೆಗೆ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಿನಿಂದ ಒದೆಯಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರಲ್ಲಿ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿಗೆ ತಾಗಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದಂತಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಯೊಳಕ್ಕೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಅಂಕ. ಮೇಲಿನಿಂದ ಹೋದರೆ ಒಂದು ಪಾಯಿಂಟ್. (2025ರಿಂದ, ನಲವತ್ತು ಮೀಟರ್ ದೂರದ ಕಮಾನಿನಾಚೆಯಿಂದ ಒದ್ದು ಮೇಲಿನಿಂದ ದಾಟಿಸಿದರೆ ಎರಡು.) ಲೆಕ್ಕವನ್ನು ಬರೆಯುವ ರೀತಿ ಹೊಸಬನನ್ನು ತಬ್ಬಿಬ್ಬು ಮಾಡುತ್ತದೆ. 1-11 ಎಂದರೆ ಒಂದು ಗೋಲು, ಹನ್ನೊಂದು ಪಾಯಿಂಟ್, ಒಟ್ಟು ಹದಿನಾಲ್ಕು. 0-13 ಎಂದರೆ ಬರಿಯ ಹದಿಮೂರು. ಈ ಎರಡು ಅಂಕೆಗಳನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದು 1884ರ ನವೆಂಬರ್ 1ರಂದು, ಥರ್ಲೆಸ್ ಎಂಬ ಊರಿನಲ್ಲಿ. 1920ರ ದಶಕದ ಆರಂಭದಲ್ಲಿ ದೇಶ ಎರಡಾಗಿ, ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಆಡಳಿತದಲ್ಲೇ ಉಳಿದರೂ ಈ ಸಂಘ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ಇಡೀ ದ್ವೀಪಕ್ಕೆ ಒಂದೇ ಚಾಂಪಿಯನ್‌ಷಿಪ್. ಇನ್ನೂ ವಿಶೇಷವೆಂದರೆ, ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಕ್ರೋಕ್ ಪಾರ್ಕಿನಲ್ಲಿ ಫೈನಲ್ ಆಡುವ ಆಟಗಾರರಿಗೆ ಸಂಬಳವಿಲ್ಲ. ಓಡಾಟದ ಖರ್ಚು ಮುಂತಾದುವು ಸಿಗುತ್ತವೆ, ಅಷ್ಟೆ. ಅವರಲ್ಲಿ ಶಾಲೆಯ ಉಪಾಧ್ಯಾಯರಿದ್ದಾರೆ, ಬೇಸಾಯಗಾರರಿದ್ದಾರೆ, ಬಡಗಿಗಳಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಮೊದಲು ತಮ್ಮ ಹಳ್ಳಿಯ ಕ್ಲಬ್ಬಿಗೆ, ಅಲ್ಲಿ ಒಳ್ಳೆಯ ಹೆಸರು ಬಂದರೆ ಕೌಂಟಿಗೆ. ಹೆಚ್ಚು ಹಣ ಕೊಡುತ್ತೇವೆಂದು ಒಂದು ಕೌಂಟಿ ಇನ್ನೊಂದರ ಆಟಗಾರನನ್ನು ಕೊಂಡುಕೊಳ್ಳುವ ಸಂತೆ ಅಲ್ಲಿ ಇಲ್ಲ. ಆದುದರಿಂದ ಸೋತ ತಂಡ ಮರುವರ್ಷವೂ ಬಹುಮಟ್ಟಿಗೆ ಅದೇ ಜನರನ್ನು ಕಟ್ಟಿಕೊಂಡೇ ಮೈದಾನಕ್ಕೆ ಇಳಿಯಬೇಕು. ಸೋಲಾದರೂ ಗೆಲುವಾದರೂ ಅದೇ ಹುಡುಗರ ಪಾಲಿಗೆ.

ಉತ್ತರ ಐರ್ಲೆಂಡಿನ ಅರ್ಮಾ ಕೌಂಟಿಯ ಕಥೆ ನನ್ನನ್ನು ಹಿಡಿದದ್ದು ಇದರಿಂದಲೇ. ಅದು ಸಣ್ಣ ಕೌಂಟಿ. ಅಲ್ಲಿಯ ಕ್ರಾಸ್‌ಮಗ್ಲೆನ್ ಎಂಬ ಊರಿನ ಕ್ಲಬ್ಬಿನ ಮೈದಾನದ ಒಂದು ಭಾಗವನ್ನು ಗಲಭೆಯ ಕಾಲದಲ್ಲಿ ಬ್ರಿಟಿಷ್ ಸೇನೆ ತನ್ನ ಠಾಣೆಗೆ ಸೇರಿಸಿಕೊಂಡಿತ್ತು. ಉಳಿದ ಭಾಗದಲ್ಲಿಯೇ ಹುಡುಗರು ಆಡಿ ಬೆಳೆದರು. ಅರ್ಮಾ 1953ರಲ್ಲಿ ಫೈನಲ್ ತಲುಪಿ ಕೆರಿ ಕೌಂಟಿಗೆ ಸೋತಿತು. 1977ರಲ್ಲಿ ಮತ್ತೆ ತಲುಪಿ ಡಬ್ಲಿನ್ನಿಗೆ ಸೋತಿತು. 2002ರಲ್ಲಿ ಮೂರನೆಯ ಸಲ ತಲುಪಿದಾಗ, 1977ರಲ್ಲಿ ಆಡಿ ಸೋತಿದ್ದ ಜೋ ಕರ್ನನ್ ಎಂಬಾತನೇ ತಂಡದ ಮ್ಯಾನೇಜರ್. ಅರ್ಧ ಆಟ ಮುಗಿದಾಗ ಅರ್ಮಾ ಹಿಂದಿತ್ತು. ಆಗ ಆತ, ಸೋತವರಿಗೆಂದು ತನಗೆ ಅಂದು ಕೊಟ್ಟಿದ್ದ ಫಲಕವನ್ನು ಹುಡುಗರಿಗೆ ತೋರಿಸಿ ಗೋಡೆಗೆ ಅಪ್ಪಳಿಸಿದನಂತೆ. ಆಷೀನ್ ಮೆಕಾನ್ವಿಲ್ ಎಂಬ ಆಟಗಾರ ಮೊದಲರ್ಧದಲ್ಲಿ ಪೆನಾಲ್ಟಿ ಒದೆತವನ್ನು ಕಳೆದುಕೊಂಡಿದ್ದವನು, ಎರಡನೆಯ ಅರ್ಧದಲ್ಲಿ ಗೋಲು ಹೊಡೆದ. ಅರ್ಮಾ ಒಂದು ಅಂಕದಿಂದ ಕೆರಿಯನ್ನು ಸೋಲಿಸಿ ಮೊದಲ ಬಾರಿಗೆ ಸ್ಯಾಮ್ ಮೆಗ್ವಾಯರ್ ಬಟ್ಟಲನ್ನು ಪಡೆಯಿತು. ಅದನ್ನು ಎತ್ತಿ ಹಿಡಿದ ನಾಯಕ ಕೀರನ್ ಮೆಗೀನಿ.

ಮೊದಲನೆಯದು ಬಂದಮೇಲೆ ಎರಡನೆಯದು ಸುಲಭವೆಂದು ನಾವು ಭಾವಿಸುತ್ತೇವೆ. ಅರ್ಮಾಕ್ಕೆ ಹಾಗಾಗಲಿಲ್ಲ. ಮರುವರ್ಷವೇ ಫೈನಲ್ಲಿನಲ್ಲಿ ನೆರೆಯ ಟಿರೋನ್ ಕೌಂಟಿಗೆ ಸೋತರು. ಬಳಿಕ ಆ ಎತ್ತರಕ್ಕೆ ಏರಲೇ ಇಲ್ಲ. ಮೆಗೀನಿ ಆಟ ಬಿಟ್ಟು, ಕಿಲ್ಡೇರ್ ಎಂಬ ಬೇರೆ ಕೌಂಟಿಯ ತಂಡವನ್ನು ಕೆಲವು ವರ್ಷ ನಡೆಸಿ, ತನ್ನೂರಿಗೆ ಮರಳಿದ. 2015ರ ಋತುವಿನಿಂದ ಅರ್ಮಾ ತಂಡದ ಹೊಣೆ ಹೊತ್ತ. ವರ್ಷಗಳು ಉರುಳಿದುವು, ಬಟ್ಟಲು ಬರಲಿಲ್ಲ. ಬಂದುದು ಬೇರೆ ಬಗೆಯ ಸಂಕಟ. 2022ರ ಕ್ವಾರ್ಟರ್ ಫೈನಲ್ಲಿನಲ್ಲಿ ಗಾಲ್ವೇ ಕೌಂಟಿಯೊಡನೆ ಆಟ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಸೋತರು. 2023ರಲ್ಲಿ ಅಲ್‌ಸ್ಟರ್ ಪ್ರಾಂತದ ಫೈನಲ್ಲಿನಲ್ಲಿ ಡೆರಿಗೆ ಪೆನಾಲ್ಟಿಯಲ್ಲಿಯೇ ಸೋತರು. ಅದೇ ವರ್ಷ ಕ್ವಾರ್ಟರ್ ಫೈನಲ್ಲಿನಲ್ಲಿ ಮೊನಹನ್ ಕೌಂಟಿಗೆ, ಒಂಬತ್ತಕ್ಕೆ ಎಂಟರಂತೆ, ಮತ್ತೆ ಪೆನಾಲ್ಟಿಯಲ್ಲಿಯೇ. ಆಟದಲ್ಲಿ ಸೋಲಲಿಲ್ಲ, ಆದರೂ ಸೋತರು. ಇಂಥ ಸೋಲಿನಲ್ಲಿ ಕೊನೆಗೆ ಒದೆದ ಒಬ್ಬನ ಹೆಸರು ಮಾತ್ರ ಎಲ್ಲರ ಬಾಯಲ್ಲಿ ನಿಲ್ಲುತ್ತದೆ. ಆ ಒಬ್ಬ ಸೋಮವಾರ ಅದೇ ಊರಿನಲ್ಲಿ ಕೆಲಸಕ್ಕೆ ಹೋಗಬೇಕು, ಅದೇ ಅಂಗಡಿಯಲ್ಲಿ ಹಾಲು ಕೊಳ್ಳಬೇಕು.

ನನ್ನ ಅಣ್ಣನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಣ್ಣ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ನಿಂತು ದುಡಿಯುತ್ತಾನೆ. ನನ್ನ ಫೀಜು, ಪುಸ್ತಕ, ಹಾಸ್ಟೆಲಿನ ಖರ್ಚು ಬರುವುದು ಅಲ್ಲಿಂದಲೇ. ನಮ್ಮೂರ ಕಬಡ್ಡಿ ತಂಡದಲ್ಲಿ ಅವನು ಒಳ್ಳೆಯ ಆಟಗಾರ. ಈಗಲೂ ಜಾತ್ರೆಗೆ ರಜ ಹಾಕಿ ಬಂದು ಆಡುತ್ತಾನೆ.

“ಸಂಬಳಾನೇ ಇಲ್ವೇನೋ?” ಎಂದ ಅಣ್ಣ.

“ಇಲ್ಲ ಕಣಣ್ಣ.”

“ಗೆದ್ದ ಮಾರನೇ ದಿವಸ ಏನ್ ಮಾಡ್ತಾರೆ?”

“ಒಂದೆರಡು ದಿವಸ ಮೆರವಣಿಗೆ. ಆಮೇಲೆ ಕೆಲಸಕ್ಕೆ ಹೋಗ್ತಾರೆ.”

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. “ಹಂಗಾದ್ರೆ ನಮ್ಮಂಥೋರೇ ಬಿಡು” ಎಂದ.

ಸ್ಯಾಮ್ ಮೆಗ್ವಾಯರನೂ ಅಂಥವನೇ ಎಂದು ಅವನಿಗೆ ಆಗ ಹೇಳಲಾಗಲಿಲ್ಲ, ಪಾಳಿಯ ವೇಳೆಯಾಗಿತ್ತು. ಬಟ್ಟಲಿಗೆ ಯಾರ ಹೆಸರಿದೆಯೋ ಆತ ಕಾರ್ಕ್ ಕೌಂಟಿಯ ಹಳ್ಳಿಗಾಡಿನಿಂದ ಲಂಡನ್ನಿಗೆ ಹೋಗಿ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿದವನು. ಅಲ್ಲಿಯೇ ಊರ ಆಟವನ್ನು ಆಡಿದವನು. ಆತ ತೀರಿಕೊಂಡದ್ದು 1927ರಲ್ಲಿ. ಬಟ್ಟಲನ್ನು ಮೊದಲು ಕೊಟ್ಟದ್ದು 1928ರಲ್ಲಿ. ದುಡಿಯಲು ಊರು ಬಿಟ್ಟವರನ್ನು ಆ ಆಟ ಮರೆತಿಲ್ಲ. ಲಂಡನ್ ಮತ್ತು ನ್ಯೂಯಾರ್ಕಿನಲ್ಲಿರುವ ಐರಿಷ್ ಜನರ ತಂಡಗಳೂ ಕಾನಾಟ್ ಪ್ರಾಂತದ ಪಂದ್ಯಗಳಲ್ಲಿ ಸೇರುತ್ತವೆ.

ಇನ್ನು 2024ರ ಋತು. ಆ ವರ್ಷದ ಕ್ರಮದಂತೆ ಮೊದಲು ನಾಲ್ಕು ಪ್ರಾಂತಗಳ ಪಂದ್ಯಗಳು, ಅನಂತರ ಹದಿನಾರು ತಂಡಗಳನ್ನು ನಾಲ್ಕು ಗುಂಪು ಮಾಡಿ ಆಡಿಸುವುದು, ಆಮೇಲೆ ಸೋತವರು ಮನೆಗೆ ಹೋಗುವ ಪಂದ್ಯಗಳು. ಮೇ 12ರಂದು ಕ್ಲೋನ್ಸ್ ಎಂಬ ಊರಿನಲ್ಲಿ ಅಲ್‌ಸ್ಟರ್ ಫೈನಲ್. ಅರ್ಮಾಕ್ಕೆ ಎದುರಾಳಿ ಡಾನಿಗಾಲ್. ಹೆಚ್ಚಿನ ವೇಳೆ ಕೊಟ್ಟರೂ ಇಪ್ಪತ್ತಕ್ಕೆ ಇಪ್ಪತ್ತು ಸಮ. ಮತ್ತೆ ಪೆನಾಲ್ಟಿ, ಆರಕ್ಕೆ ಐದರಂತೆ ಮತ್ತೆ ಸೋಲು! ಮೂರು ವರ್ಷಗಳಲ್ಲಿ ನಾಲ್ಕನೆಯದು. ಹಣೆಯಲ್ಲಿ ಬರೆದಿಲ್ಲ ಎಂದು ನಮ್ಮ ಹಿರಿಯರಾಗಿದ್ದರೆ ಅಲ್ಲಿಗೆ ಮುಗಿಸಿಬಿಡುತ್ತಿದ್ದರೇನೋ. ಹಿಂದಿನ ವರ್ಷವೇ ಮೆಗೀನಿಯನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಕ್ಲಬ್ಬುಗಳ ಪ್ರತಿನಿಧಿಗಳು ಮತ ಹಾಕಿ, ಇರಲಿ ಎಂದು ತೀರ್ಮಾನಿಸಿದ್ದರು. ಆ ತೀರ್ಮಾನಕ್ಕೂ ಈಗ ಪರೀಕ್ಷೆಯ ಕಾಲ ಬಂದಿತು.

ಅರ್ಮಾದವರು ಮತ್ತೆ ಎದ್ದರು. ಗುಂಪಿನ ಪಂದ್ಯಗಳಲ್ಲಿ ವೆಸ್ಟ್‌ಮೀತನ್ನು ಸೋಲಿಸಿದರು. ಡೆರಿಯನ್ನು ಅವರ ಊರಿನಲ್ಲಿಯೇ ಸೋಲಿಸಿದರು. ಗಾಲ್ವೇಯೊಡನೆ ಸಮ ಮಾಡಿಕೊಂಡು ಗುಂಪಿಗೆ ಮೊದಲಿಗರಾದರು. ಕ್ವಾರ್ಟರ್ ಫೈನಲ್ಲಿನಲ್ಲಿ ರಾಸ್‌ಕಾಮನ್ ಸೋತಿತು. ಜುಲೈ 13ರ ಸೆಮಿಫೈನಲ್ಲಿನಲ್ಲಿ ಎದುರಾದುದು ಕೆರಿ. ಆ ಬಟ್ಟಲನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ಕೌಂಟಿ. ಎಪ್ಪತ್ತು ನಿಮಿಷದ ಆಟ ಸಮವಾಗಿ ಹೆಚ್ಚಿನ ವೇಳೆಗೆ ಹೋಯಿತು. ಫಲಿತಾಂಶವನ್ನು ಓದಿಕೊಂಡೇ ನೋಡಲು ಕುಳಿತಿದ್ದ ನನಗೂ, ಇನ್ನೊಂದು ಪೆನಾಲ್ಟಿಯೋ ಎಂದು ಎದೆ ಡವಗುಟ್ಟಿತು. ಆಗಲಿಲ್ಲ. 1-18ಕ್ಕೆ 1-16, ಅರ್ಮಾ ಎರಡು ಅಂಕಗಳಿಂದ ಗೆದ್ದಿತು.

ಜುಲೈ 28ರಂದು ಕ್ರೋಕ್ ಪಾರ್ಕಿನಲ್ಲಿ ಫೈನಲ್. ಎದುರಿಗೆ ಗಾಲ್ವೇ. ಅವರ ಕಥೆಯೂ ಹಗುರವಾದುದಲ್ಲ. ಕೊನೆಯ ಸಲ ಅವರು ಬಟ್ಟಲು ಗೆದ್ದದ್ದು 2001ರಲ್ಲಿ. ಅಂದು ಆಡಿ ಗೆಲ್ಲಿಸಿದ ಪಾಡ್ರಿಕ್ ಜಾಯ್ಸ್ ಈಗ ಅವರ ಮ್ಯಾನೇಜರ್. ಅಂದರೆ ಎರಡು ಕಡೆಯಲ್ಲಿಯೂ, ತಾನು ಕಂಡ ಗೆಲುವನ್ನು ತನ್ನೂರ ಮಕ್ಕಳಿಗೆ ತೋರಿಸಬೇಕೆಂದು ಮರಳಿ ಬಂದ ಒಬ್ಬೊಬ್ಬ ಮನುಷ್ಯ ಮೈದಾನದ ಅಂಚಿನಲ್ಲಿ ನಿಂತಿದ್ದ. ಆಟ ಹಗ್ಗಜಗ್ಗಾಟದಂತೆ ನಡೆಯಿತು. ಎರಡನೆಯ ಅರ್ಧದಲ್ಲಿ, ಬದಲಿ ಆಟಗಾರನಾಗಿ ಬಂದಿದ್ದ ಸ್ಟೆಫನ್ ಕ್ಯಾಂಬೆಲ್ ಚೆಂಡನ್ನು ಗೋಲಿನ ಬಾಯಿಗೆ ತಂದುಕೊಟ್ಟ. ಏರನ್ ಮೆಕೇ ಅದನ್ನು ಬಲೆಗೆ ಸೇರಿಸಿದ. ಈ ಮೆಕೇ ತನ್ನ ಗೋಲನ್ನು ಕಾಯಬೇಕಾದ ಫುಲ್‌ಬ್ಯಾಕ್! ಕಾವಲಿಗೆ ಇಟ್ಟವನು ಇಡೀ ಮೈದಾನ ದಾಟಿ ಬಂದಿದ್ದ. ಪಂದ್ಯದ ಒಂದೇ ಗೋಲು ಅದು. ಕೊನೆಯ ನಿಮಿಷಗಳಲ್ಲಿ ಗಾಲ್ವೇ ಮುತ್ತಿಗೆ ಹಾಕಿದರೂ ಫಲಿಸಲಿಲ್ಲ. ಅರ್ಮಾ 1-11, ಗಾಲ್ವೇ 0-13. ವಾಚಕರು ನೆನಪಿಟ್ಟುಕೊಂಡ ಅಂಕೆಗಳು ಇವೇ. ಹದಿನಾಲ್ಕಕ್ಕೆ ಹದಿಮೂರು. ಇಪ್ಪತ್ತೆರಡು ವರ್ಷಗಳ ಮೇಲೆ ಎರಡನೆಯ ಬಟ್ಟಲು. ನಾಯಕ ಏಡನ್ ಫೋರ್ಕರ್ ಅದನ್ನು ಎತ್ತಿ ಹಿಡಿದದ್ದು ಹೋಗನ್ ಸ್ಟ್ಯಾಂಡಿನಲ್ಲಿ. 1920ರಲ್ಲಿ ಗುಂಡಿಗೆ ಬಲಿಯಾದ ಆ ಆಟಗಾರನ ಹೆಸರಿನ ಅಟ್ಟಣೆಯಲ್ಲಿ.

ಗೆಲುವು ಅಲ್ಲಿಗೆ ಕಾಯಂ ಆಗಲಿಲ್ಲವೆಂಬುದನ್ನೂ ಹೇಳಬೇಕು. 2025ರಲ್ಲಿ ಅರ್ಮಾ ಮತ್ತೆ ಅಲ್‌ಸ್ಟರ್ ಫೈನಲ್ ಸೋತಿತು. ಬಟ್ಟಲು ಕೆರಿಗೆ ಹೋಯಿತು. ಹಾಗಾದರೆ ಇಷ್ಟು ಪಾಡು ಪಟ್ಟು ದೊರೆತುದೇನು ಎಂದು ತರ್ಕಶಾಸ್ತ್ರದ ಮಿತ್ರರು ಕೇಳಬಹುದು. ನನಗೆ ತೋರುವುದು ಇಷ್ಟು: 2002ರ ಬಟ್ಟಲನ್ನು ಮೆಗೀನಿ ಒಬ್ಬನೇ ಮನೆಗೆ ಒಯ್ದಿಟ್ಟು ಸುಮ್ಮನಾಗಿದ್ದರೆ ಅದು ಅವನ ಅದೃಷ್ಟವಾಗುತ್ತಿತ್ತು. ಮರಳಿ ಬಂದು, ಸೋಲನ್ನೂ ಮಾತನ್ನೂ ಉಂಡು, 2002ರಲ್ಲಿ ಕೂಸುಗಳಾಗಿದ್ದ ಹುಡುಗರ ಕೈಯಲ್ಲಿ ಎರಡನೆಯದನ್ನು ಎತ್ತಿಸಿದ್ದರಿಂದ ಅದು ಊರಿನ ಅಭ್ಯಾಸವಾಗುವ ದಾರಿ ಹಿಡಿಯಿತು.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಈ ಬೇಸಗೆಯಲ್ಲಿ ನನ್ನ ಕಡೆಯ ಪರೀಕ್ಷೆ. ಪಾಸಾದರೆ ನಮ್ಮ ಮನೆತನಕ್ಕೆ ಅದು ಮೊದಲ ಡಿಗ್ರಿ. ಅಪ್ಪನಿಗೆ ರುಜು ಹಾಕಲು ಬರುತ್ತದೆ, ಅವ್ವನಿಗೆ ಅದೂ ಇಲ್ಲ. ಊರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಮುಂದೆ ಯಾವ ಪಟ್ಟಣಕ್ಕೆ ಹೋಗ್ತೀಯಪ್ಪ?” ಹೋಗಬೇಕಾದೀತು, ಹೋಗುವುದರಲ್ಲಿ ತಪ್ಪೂ ಇಲ್ಲ, ಮೆಗೀನಿಯೂ ಕಿಲ್ಡೇರಿಗೆ ಹೋಗಿದ್ದ. ಆದರೆ ಮನೆಯಲ್ಲಿ ತಂಗಿ ಒಬ್ಬಳಿದ್ದಾಳೆ, ಈಗ ಒಂಬತ್ತನೆಯ ತರಗತಿ. ಲೆಕ್ಕದಲ್ಲಿ ನನಗಿಂತ ಚುರುಕು. ಹತ್ತು ಮುಗಿಸಿದರೆ ಸಾಕು ಎಂಬ ಮಾತು ಆಗಲೇ ಜಗಲಿಯ ಮೇಲೆ ಕೇಳಿಬರುತ್ತಿದೆ. ದಸರೆಯ ರಜದಲ್ಲಿ ಅವಳಿಗೆ ಈ ಪಂದ್ಯವನ್ನು ತೋರಿಸಿದೆ. ಅವಳು 1-11, 0-13 ಎಂಬ ಅಂಕೆಗಳನ್ನು ನೋಡಿ ನಾನು ಹೇಳುವ ಮೊದಲೇ ಕೂಡಿ, “ಒಂದೇ ಒಂದು ಅಂಕ ಕಣಣ್ಣ” ಎಂದಳು.

ನನ್ನ ಡಿಗ್ರಿಯನ್ನು ಗೋಡೆಗೆ ತೂಗುಹಾಕಲು ಅವ್ವ ಈಗಲೇ ಜಾಗ ನೋಡಿಟ್ಟಿದ್ದಾಳೆ. ಪಕ್ಕದಲ್ಲಿ ಇನ್ನೊಂದು ಮೊಳೆಗೆ ಸ್ಥಳ ಬಿಡು ಎಂದು ನಾನು ಹೇಳಿದ್ದೇನೆ.