ಭಾಷೆ ಆ ದಂಡೆ, ಪಾಠ ಈ ದಂಡೆ



ನಾವು ಮೂವರು ಮೇಷ್ಟ್ರುಗಳು. ಒಬ್ಬರು ನಾರಾಯಣಪೇಟೆ ಕಡೆಯವರು, ಒಬ್ಬರು ಮಕ್ತಲ್‌ನವರು, ಇನ್ನೊಬ್ಬರು ಗದ್ವಾಲ ಕಡೆಯವರು. ಮೂವರೂ ಕಲಿಸುವುದು ಕನ್ನಡ ಮಾಧ್ಯಮದಲ್ಲಿ. ಗದ್ವಾಲ 1956ರ ನವೆಂಬರ್ 1ರ ತನಕ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು, ರಾಜ್ಯ ಪುನರ್ವಿಂಗಡಣೆಯಲ್ಲಿ ಮೆಹಬೂಬನಗರಕ್ಕೆ ಸೇರಿತು. 2014ರಲ್ಲಿ ತೆಲಂಗಾಣ ರಾಜ್ಯ ಬಂತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ಕಚೇರಿಯ ಬೋರ್ಡುಗಳು ಬದಲಾದವು. ನಮ್ಮ ಹಳ್ಳಿಗಳ ಅಡುಗೆಮನೆಯ ಮಾತು ಮಾತ್ರ ಬದಲಾಗಲಿಲ್ಲ.

ಇಷ್ಟು ವಯಸ್ಸಾದ ಮೇಲೆ ನಾವು ಮತ್ತೆ ವಿದ್ಯಾರ್ಥಿಗಳಾದ ಕಥೆಯನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆವು.

ಕೊರೊನಾ ಕಾಲ. 2020ರ ಸೆಪ್ಟೆಂಬರ್ 1ರಿಂದ ತೆಲಂಗಾಣದಲ್ಲಿ ಟಿ-ಸ್ಯಾಟ್ ಮತ್ತು ದೂರದರ್ಶನದ ಯಾದಗಿರಿ ವಾಹಿನಿಯಲ್ಲಿ ಪಾಠಗಳು ಶುರುವಾದವು. ನಮ್ಮ ಮಕ್ಕಳು ಟಿವಿ ಮುಂದೆ ಕುಳಿತು ತೆಲುಗು ಪಾಠ ನೋಡಿದರು. ನಮ್ಮ ಕಡೆಯ ಮಕ್ಕಳಿಗೆ ತೆಲುಗು ಹೊಸದಲ್ಲ, ಬೀದಿಯಲ್ಲಿ ಆಡುತ್ತಾರೆ, ಶಾಲೆಯಲ್ಲಿ ಒಂದು ವಿಷಯವಾಗಿಯೂ ಓದುತ್ತಾರೆ. ಹಾಗಾಗಿ ನಾವು ನಿಶ್ಚಿಂತೆಯಿಂದ ಇದ್ದೆವು. ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು.

"ಸರ್, ಕಿರಣಜನ್ಯ ಸಂಯೋಗಕ್ರಿಯ ನಮ್ ಪುಸ್ತಕದಾಗ ಎಲ್ಲದರಿ? ಎಲ್ಲಾ ಪುಟ ತಿರುವಿ ನೋಡೀನಿ, ಸಿಗವಲ್ದು."

ಆ ಪಾಠ ಅವಳ ಕೈಯಲ್ಲಿದ್ದ ಪುಸ್ತಕದಲ್ಲೇ ಇತ್ತು. ಆದರೆ ಅದರ ಹೆಸರು ಅಲ್ಲಿ ದ್ಯುತಿಸಂಶ್ಲೇಷಣೆ!

ಗದ್ವಾಲ ಕಡೆಯ ನಮ್ಮ ಗೆಳೆಯರ ಮಕ್ಕಳು ಆ ವರ್ಷ ಚಂದನದಲ್ಲಿ ಬರುತ್ತಿದ್ದ ಕರ್ನಾಟಕದ ಪಾಠಗಳನ್ನೂ ನೋಡುತ್ತಿದ್ದರು. ಅಲ್ಲಿ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಪುಸ್ತಕ ಬೇರೆ, ಪಾಠದ ಕ್ರಮ ಬೇರೆ. ಭಾಷೆ ಆ ದಂಡೆಯಲ್ಲಿ, ಪಾಠ ಈ ದಂಡೆಯಲ್ಲಿ. ನಮ್ಮ ಮಕ್ಕಳು ನಡುನೀರಲ್ಲಿ.

ನಾವೇ ಏನಾದರೂ ಮಾಡೋಣವೆಂದು ಹೊರಟೆವು. ಸಾಲ ತಂದ ಲ್ಯಾಪ್‌ಟಾಪಿನಲ್ಲಿ 32 ಸ್ಲೈಡುಗಳು. ಅಕ್ಷರಗಳು ತಿರುಗುತ್ತ ಬರುತ್ತಿದ್ದವು, ಹಿಂದೆ ಸಂಗೀತ ಬೇರೆ. ಬರೆದಿದ್ದನ್ನೆಲ್ಲ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ವಿಡಿಯೋ ಮಾಡಿ ಕಳಿಸಿದೆವು. 19 ಮಕ್ಕಳಲ್ಲಿ ನೋಡಿದವರು 4 ಜನ. ಪಾಲಕರಿಗೆ ಆಸಕ್ತಿಯೇ ಇಲ್ಲ ಎಂದು ನಮ್ಮೊಳಗೆ ಗೊಣಗಿಕೊಂಡೆವು. ಇದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

2021ರಲ್ಲಿ ದೂರಶಿಕ್ಷಣದ ಮೂಲಕ ಇ-ಕಲಿಕೆಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಹೆಸರು ಹಚ್ಚಿದೆವು. ಓದುವುದೆಲ್ಲ ಇಂಗ್ಲಿಷಿನಲ್ಲಿ. ಬಿ.ಎಡ್. ಮುಗಿಸಿ ಹದಿನೈದು ವರ್ಷವಾಗಿತ್ತು, ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಭಾನುವಾರ ಮಕ್ತಲ್‌ನಲ್ಲಿ ಸೇರುತ್ತಿದ್ದೆವು. ಗದ್ವಾಲದವರು ಜುರಾಲ ದಾಟಿ ಬರುತ್ತಿದ್ದರು. ಒಬ್ಬರು ಓದುವುದು, ಒಬ್ಬರು ಡಿಕ್ಷನರಿ ನೋಡುವುದು, ಇನ್ನೊಬ್ಬರು ಕನ್ನಡದಲ್ಲಿ ಹೇಳುವುದು. ನಮ್ಮ ಮಕ್ಕಳ ಪಾಡು ಏನೆಂದು ಆಗ ನಮಗೆ ತಿಳಿಯಿತು. ವಿಷಯ ಗೊತ್ತಿದೆ, ಆದರೆ ಬೇರೆ ಭಾಷೆಯ ಒಂದು ಪದ ಬಾಗಿಲಲ್ಲಿ ಅಡ್ಡ ನಿಂತಿದೆ.

ಡಿಜಿಟಲ್ ಪಾಠ ತಯಾರಿಸಲು ಅಲ್ಲಿ ಐದು ಹೆಜ್ಜೆ ಹೇಳುತ್ತಾರೆ. ವಿಶ್ಲೇಷಣೆ, ವಿನ್ಯಾಸ, ತಯಾರಿಕೆ, ಅನುಷ್ಠಾನ, ಮೌಲ್ಯಮಾಪನ. ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅದಕ್ಕೆ 'ಎಡ್ಡಿ' ಮಾದರಿ ಎನ್ನುತ್ತಾರೆ. ನಾವು ನೇರ ಮೂರನೆಯ ಹೆಜ್ಜೆಯಿಂದ ಶುರು ಮಾಡಿದ್ದೆವು! ಇನ್ನೊಂದು, ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಮಾತು. ಪರದೆಯ ಮೇಲೆ ಚಿತ್ರವಿದ್ದು, ಧ್ವನಿಯಲ್ಲಿ ವಿವರಣೆಯೂ ಇರುವಾಗ ಅದೇ ವಾಕ್ಯಗಳನ್ನು ಮತ್ತೆ ಅಕ್ಷರದಲ್ಲಿ ತುಂಬಿದರೆ ಕಲಿಕೆ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಸಂಬಂಧವಿಲ್ಲದ ಸಂಗೀತವೂ ಅಷ್ಟೆ. ನಮ್ಮ 32 ಸ್ಲೈಡುಗಳು ನೆನಪಾಗಿ ಮೂವರೂ ಮುಖ ಮುಖ ನೋಡಿಕೊಂಡೆವು. ಆದರೆ ಕೇಳುವವರಿಗೆ ಪಾಠದ ಭಾಷೆ ಮನೆಮಾತಲ್ಲದಿದ್ದರೆ ಮುಖ್ಯ ಪದಗಳನ್ನು ಬರೆದು ತೋರಿಸುವುದು ನೆರವಾಗುತ್ತದೆ ಎಂಬುದೂ ಅಲ್ಲೇ ಇತ್ತು. ನಮಗೆ ಬೇಕಾದ ಎಳೆ ಸಿಕ್ಕಿತು.

2021ರ ಸೆಪ್ಟೆಂಬರ್ 1ರಂದು ಶಾಲೆ ತೆರೆದ ಮೇಲೆ ಮೊದಲ ಹೆಜ್ಜೆಯಿಂದ ಹೊರಟೆವು. ಆ 19 ಮಕ್ಕಳ ಮನೆಗೂ ಹೋಗಿ ಬಂದೆವು. 11 ಮನೆಯಲ್ಲಿ ಟಚ್ ಫೋನ್, 5 ಮನೆಯಲ್ಲಿ ಬಟನ್ ಫೋನ್, 3 ಮನೆಯಲ್ಲಿ ಏನೂ ಇಲ್ಲ. ಒಬ್ಬ ತಂದೆ ಹೇಳಿದರು, "ಹತ್ತಿ ಬಿಡಿಸಾಕ ಹೋದಾಗ ಫೋನ್ ನನ್ ಕಿಸೆದಾಗೇ ಇರ್ತದರಿ. ರಾತ್ರಿ ಬಂದು ಕೊಟ್ರ ನಿಮ್ ವಿಡಿಯೋ ಇಳಿಯೋದ್ರಾಗ ಹುಡುಗಿಗೆ ನಿದ್ದಿ ಹತ್ತಿರ್ತದ." ಆಸಕ್ತಿಗೆ ಏನೂ ಕೊರತೆ ಇರಲಿಲ್ಲ. ನಮ್ಮ ಪಾಠವೇ ಅವರ ಮನೆ ಬಾಗಿಲಿಗೆ ಹಿಡಿಸುತ್ತಿರಲಿಲ್ಲ.

ಆಮೇಲೆ ಮಾಡಿದ್ದು ಬಹಳ ಸಣ್ಣ ಕೆಲಸ. ಏಳನೆಯ ತರಗತಿಯಲ್ಲಿ ಕಳೆದುಹೋಗಿದ್ದ ವಿಜ್ಞಾನ ಪಾಠಗಳನ್ನು ಆರಿಸಿಕೊಂಡೆವು. ಪಾಠಕ್ಕೆ ಒಂದು ಹಾಳೆ, ಹಾಳೆಗೆ ಎಂಟೇ ಪದ. ತೆಲುಗು ಪದ, ಕನ್ನಡ ಪದ, ಪುಟದ ಸಂಖ್ಯೆ. ಶ್ವಾಸಕ್ರಿಯ ಎಂದರೆ ಉಸಿರಾಟ. ತೆಲುಗು ಪಾಠದ ಕ್ಷಾರ ಎಂದರೆ ಕನ್ನಡದಲ್ಲಿ ನಾವು ಹೇಳುವ ಪ್ರತ್ಯಾಮ್ಲ. ಜೊತೆಗೆ ನಮ್ಮೂರ ಕನ್ನಡದಲ್ಲೇ ಮೂರು ನಿಮಿಷದ ಧ್ವನಿಪಾಠ. ಬಟನ್ ಫೋನಿಗೆ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಟ್ಟೆವು. ಫೋನಿಲ್ಲದ ಮೂವರಿಗೆ ಶಾಲೆಯಲ್ಲಿ ನಮ್ಮ ಫೋನು, ಮನೆಗೆ ಹಾಳೆ. ಹಾಳೆ ಓದಿಕೊಂಡ ಮೇಲೆಯೇ ಟಿ-ಸ್ಯಾಟ್ ಪಾಠ ತೋರಿಸುತ್ತಿದ್ದೆವು.

ಅದೇ ಹುಡುಗಿ, ಆಗ ಎಂಟನೆಯ ತರಗತಿ, ಒಂದು ದಿನ ಹಾಳೆ ಹಿಡಿದು ಬಂದಳು. "ಸರ್, ಗುಂಡೆ ಅಂದ್ರ ಹೃದಯ ಅಂತ ಬರ್ದೀರಿ. ನಮ್ಮವ್ವ ಗುಂಡಿಗಿ ಅಂತಾಳ್ರಿ. ಅದನ್ನೂ ಬರೀರಿ."

ನಾವು ಸುಮ್ಮನೆ ಕುಳಿತೆವು. ತೆಲುಗಿನ ಗುಂಡೆಗೂ ಪುಸ್ತಕದ ಹೃದಯಕ್ಕೂ ನಡುವೆ ಅವಳ ಅವ್ವನ ಗುಂಡಿಗಿ ಸೇತುವೆಯಂತೆ ಇತ್ತು. ಮೂವರು ಮೇಷ್ಟ್ರಿಗೆ ಅದು ಕಂಡಿರಲಿಲ್ಲ. ಅಂದಿನಿಂದ ಹಾಳೆಯಲ್ಲಿ ನಾಲ್ಕನೆಯ ಸಾಲು, ಮನೆಯ ಮಾತು. ಅದನ್ನು ಮಕ್ಕಳೇ ತುಂಬುತ್ತಾರೆ.

ಇದರಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗಣಿತ, ಸಮಾಜ ಪಾಠಗಳಿಗೆ ಹಾಳೆ ಇನ್ನೂ ಅರ್ಧದಲ್ಲಿವೆ. 19ರಲ್ಲಿ ಇಬ್ಬರು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಆ ಮನೆಯವರನ್ನು ನಾವು ದೂರುವುದಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಮುಂದೇನು ಎಂಬ ಅವರ ಪ್ರಶ್ನೆಗೆ ನಮ್ಮ ಹಾಳೆಯಲ್ಲಿ ಉತ್ತರವಿಲ್ಲ.

ಡಿಪ್ಲೊಮಾದ ಕಾಗದ ಕಪಾಟಿನಲ್ಲಿದೆ. ಅದರಿಂದ ನಮಗೆ ಬಂದ ಅಭ್ಯಾಸ ಒಂದೇ. 'ಮಗು ಕಲಿಯಲಿಲ್ಲ' ಎನ್ನುವ ಮೊದಲು 'ನಮ್ಮ ಪಾಠ ಅದರ ಮನೆ ತನಕ ಹೋಯಿತೇ' ಎಂದು ಕೇಳಿಕೊಳ್ಳುತ್ತೇವೆ. ನಿಮ್ಮ ಶಾಲೆಯಲ್ಲೂ ಇಂಥ ಅಡ್ಡ ನಿಂತ ಪದಗಳು ಇದ್ದೇ ಇರುತ್ತವೆ. ಬರೆದಿಡಿ, ನಮಗೂ ತಿಳಿಸಿ. ನಾಲ್ಕನೆಯ ಸಾಲು ಮಾತ್ರ ಮಕ್ಕಳ ಕೈಯಲ್ಲೇ ಬರೆಸಿ.