ನಮಗೂ ಒಂದು ಜಾಗ



ನಮ್ಮ ಉಚ್ಚಂಗಿದುರ್ಗದಲ್ಲಿ ನಾವು ಹತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ನಾನು ಕನ್ನಡ ಓದು-ಬರಹ ಕಲಿಸುತ್ತಿದ್ದೆ. ಆ ಮನೆಯಲ್ಲಿ ಮದುವೆ ಬಂತು, ಪಾಠ ನಿಂತಿತು. ಮತ್ತೆ ಆರಂಭವಾಗಲೇ ಇಲ್ಲ. ಆಗಷ್ಟೇ ಸಹಿ ಹಾಕಲು ಕಲಿತಿದ್ದ ವಿಧವೆಯೊಬ್ಬರು ಕೇಳಿದರು: “ಆಪಾ, ನಮಗೆ ಅಂತ ಒಂದು ಜಾಗ ಇಲ್ಲವಾ?”

ಆಗ ನನಗೆ ನೆನಪಾದವರು ಬೆಂಗಳೂರಿನ ಆರ್. ಕಲ್ಯಾಣಮ್ಮ. ಅವರು ಬಾಲವಿಧವೆ. ಆದರೆ ಮೂಲೆ ಹಿಡಿದು ಕೂರಲಿಲ್ಲ. 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿ ಮಹಿಳೆಯರನ್ನು ಒಂದೆಡೆ ಸೇರಿಸಿದರು. 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆ ಆರಂಭಿಸಿ ಸುಮಾರು ನಾಲ್ಕು ದಶಕ ನಡೆಸಿದರು. 1938ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟ ಸ್ಥಾಪಿಸಿದರು. ಚಾಮರಾಜಪೇಟೆಯಲ್ಲಿ ಅದಕ್ಕೊಂದು ನೆಲೆಯಾಯಿತು. ಇಂದಿಗೂ ಆ ಭಾಗದ ಜನ ದಾರಿಗುರುತು ಹೇಳುವಾಗ ‘ಮಕ್ಕಳ ಕೂಟದ ಹತ್ತಿರ’ ಎನ್ನುತ್ತಾರೆ. ಕಲ್ಯಾಣಮ್ಮ ತೀರಿಕೊಂಡು ದಶಕಗಳೇ ಕಳೆದವು. ಅವರು ಮಾಡಿಟ್ಟ ಜಾಗ ಮಾತ್ರ ಉಳಿಯಿತು.

ಲೆಕ್ಕ ಹಾಕಿ ನೋಡಿ. ಸ್ತ್ರೀ ಸಮಾಜದಿಂದ ಮಕ್ಕಳ ಕೂಟಕ್ಕೆ 25 ವರ್ಷ. ಮೊದಲು ಜನ ಕೂಡಿದರು, ಆಮೇಲೆ ಸೂರು ಬಂತು. ನಾವು ಸೂರಿಗಾಗಿ ಕಾಯುತ್ತಾ ಕೂತರೆ ಎರಡೂ ಆಗುವುದಿಲ್ಲ. ಆದರೆ ಸೂರಿನ ಮಾತನ್ನೇ ಮರೆತರೆ, ಯಾರದೋ ಮನೆಗೆ ನೆಂಟರು ಬಂದ ದಿನ ನಮ್ಮ ಕಲಿಕೆ ಮುಗಿಯುತ್ತದೆ.

ಸಹೋದರಿಯರೇ, ನಿಮ್ಮ ಊರಿನಲ್ಲಿ ಶಾದಿ ಮಹಲ್ ಕಟ್ಟುವ ಮಾತು ಬಂದಾಗ ಹೆಂಗಸರು ಕೂತು ಓದಲು ಒಂದು ಕೋಣೆ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿದೆ?

ನಾವೂ ಕೇಳಿದ್ದೇವೆ. ಅಲ್ಲಿಯವರೆಗೆ ಪಾಠ ನನ್ನ ಮನೆಯ ಅಡುಗೆಕೋಣೆಯಲ್ಲಿ ನಡೆಯುತ್ತಿದೆ. ಮೊದಲು ಬಂದು ಚಾಪೆ ಹಾಸುವವರು ಆ ವಿಧವೆಯೇ.